ಅಡಾಪ್ಟರ್ ಎಲ್ಲಿ ಬಿಟ್ಟು ಬಂದ್ರಿ?

ವೈಫೈ ಡಬ್ಬಿ ಸತ್ತೋಯ್ತು ಎಂದು ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಡಬ್ಬಿಯನ್ನು ಮಾತ್ರ ತರುತ್ತಾರೆ. ಅದಕ್ಕೆ ಕರೆಂಟು ಕೊಡುವ ಅಡಾಪ್ಟರ್ ಮನೆಯ ಸಾಕೆಟ್ಟಿನಲ್ಲೇ ಉಳಿದಿರುತ್ತದೆ. “ಅಡಾಪ್ಟರ್ ಎಲ್ಲಿ ಬಿಟ್ಟು ಬಂದ್ರಿ?” ಎಂದು ಕೇಳಿದರೆ ಉತ್ತರವೂ ಒಂದೇ: “ಅದು ಚೆನ್ನಾಗದೆ ಕಣಕ್ಕ, ಲೈಟ್ ಉರೀತಿತ್ತಲ್ಲ.” ನಾನು ಮಾತಾಡದೆ ಮೇಜಿನ ಮೇಲಿರುವ ನನ್ನ ಅಡಾಪ್ಟರನ್ನು ಡಬ್ಬಿಗೆ ಚುಚ್ಚುತ್ತೇನೆ. ಎರಡು ನಿಮಿಷದಲ್ಲಿ ಅವರ ಫೋನಿನಲ್ಲೇ ಅವರ ಮನೆಯ ವೈಫೈ ಹೆಸರು ಕಾಣಿಸುತ್ತದೆ. ಇಂಟರ್‌ನೆಟ್ ಬರುವುದಿಲ್ಲ, ಏಕೆಂದರೆ ಫೈಬರ್ ತಂತಿ ಮನೆಯಲ್ಲಿದೆ. ಆದರೆ ಡಬ್ಬಿ ಬದುಕಿದೆ ಎನ್ನಲು ಅಷ್ಟು ಸಾಕು. ಹೊಸ ರೌಟರಿಗೆಂದು ಒಂದೂವರೆ ಸಾವಿರ ಜೇಬಿನಲ್ಲಿಟ್ಟುಕೊಂಡು ಬಂದವರು ಇನ್ನೂರು ಚಿಲ್ಲರೆ ಕೊಟ್ಟು ವಾಪಸ್ ಹೋಗುತ್ತಾರೆ. ವ್ಯಾಪಾರದ ಲೆಕ್ಕದಲ್ಲಿ ನನಗೆ ಇದು ನಷ್ಟವೇ. ಆದರೆ ಹಾಗೆ ಹೋದವರು ಮಿಕ್ಸಿ ಕೆಟ್ಟಾಗ ಬೇರೆ ಅಂಗಡಿಗೆ ಹೋಗುವುದಿಲ್ಲ.

ನನ್ನದು ಮದ್ದೂರು. ಪೇಟೆ ಬೀದಿಯಲ್ಲಿ ಅಪ್ಪ ಇಟ್ಟ ರೇಡಿಯೋ ರಿಪೇರಿ ಅಂಗಡಿಯನ್ನೇ ನಡೆಸುತ್ತಿದ್ದೇನೆ. ಅವರ ಕಾಲದಲ್ಲಿ ಮರ್ಫಿ, ಬುಷ್ ರೇಡಿಯೋಗಳು, ಆಮೇಲೆ ಡಯನೋರಾ, ಸಾಲಿಡೇರ್ ಟೀವಿಗಳು ಕೂರುತ್ತಿದ್ದ ಮೇಜಿನ ಮೇಲೆ ಈಗ ಸೆಟ್ ಟಾಪ್ ಬಾಕ್ಸ್, ಎಲ್‌ಇಡಿ ಬಲ್ಬು, ರೌಟರು. ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು ನಾನೇ ಆದರೂ, ಹೊಸಬರು ಒಳಗೆ ಇಣುಕಿ “ಅಣ್ಣ ಇಲ್ವಾ?” ಎಂದು ಕೇಳುವುದು ನಿಂತಿಲ್ಲ. ಅಣ್ಣ ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾನೆ. ಅವನಿಗೆ ಫ್ಯೂಸ್ ಕಟ್ಟಲೂ ಬರುವುದಿಲ್ಲ.

ಲೈಟ್ ಉರಿಯುತ್ತಿದ್ದರೂ ಅಡಾಪ್ಟರ್ ಕೆಟ್ಟಿರಬಹುದು ಎಂದರೆ ಜನ ನಂಬುವುದು ಕಷ್ಟ. ರೌಟರಿನ ಮುಂದಿನ ಸಣ್ಣ ದೀಪಕ್ಕೆ ಬೇಕಾದ ಕರೆಂಟು ಏನೇನೂ ಅಲ್ಲ. ನಿಜವಾದ ಖರ್ಚು ಒಳಗಿನ ಚಿಪ್ಪಿನದು, ವೈಫೈ ಅಲೆ ಹೊರಡಿಸುವ ಭಾಗದ್ದು. ದೀಪ ಹತ್ತುತ್ತದೆ, ರೌಟರ್ ಎದ್ದು ನಿಲ್ಲಲು ನೋಡುತ್ತದೆ, ವೈಫೈ ಶುರುವಾದ ಗಳಿಗೆಯಲ್ಲಿ ಅಡಾಪ್ಟರಿನ ಕೈ ಸೋಲುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಡಬ್ಬಿ ಆರಿ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಗಿರಾಕಿಗಳು ಇದನ್ನು ಹೇಳುವ ರೀತಿಯಿಂದಲೇ ನನಗೆ ಅರ್ಧ ತಿಳಿದುಬಿಡುತ್ತದೆ. “ಎಲ್ಲಾ ಲೈಟೂ ಒಂದ್ಸಲ ಆರೋಗಿ ಮತ್ತೆ ಅತ್ಕೋತವೆ.” “ಬೆಳಿಗ್ಗೆ ಸ್ವಿಚ್ ಆಕುದ್ರೆ ವಸಿ ಹೊತ್ತು ಮಿಟುಕಿ ಮಿಟುಕಿ ಆಮೇಲೆ ಸರಿಯೋಯ್ತದೆ.” “ನಾನೊಬ್ಬಳೇ ಇದ್ದಾಗ ಬತ್ತದೆ, ಐಕ್ಳು ಸ್ಕೂಲಿಂದ ಬಂದ್ರೆ ಬರಾಕಿಲ್ಲ.” ಈ ಮೂರರಲ್ಲಿ ಯಾವುದನ್ನು ಕೇಳಿದರೂ ನಾನು ಮೊದಲು ಅನುಮಾನ ಪಡುವುದು ಅಡಾಪ್ಟರನ್ನೇ.

ಮನೆಯಲ್ಲಿ ಇನ್ವರ್ಟರ್ ಇದ್ದವರಿಗೆ ಇನ್ನೊಂದು ಗುರುತು ಸಿಗುತ್ತದೆ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವ ಆ ಕ್ಷಣದಲ್ಲಿ ಮೊದಲು ಏನೂ ಆಗದಿದ್ದ ರೌಟರು ಈಗೀಗ ಪ್ರತಿ ಸಲವೂ ಆರಿ ಹೊತ್ತಿಕೊಳ್ಳುತ್ತಿದ್ದರೆ, ಅಡಾಪ್ಟರಿನೊಳಗಿನ ಕೆಪಾಸಿಟರ್ ಸೊರಗುತ್ತಿದೆ ಎಂದೇ ಲೆಕ್ಕ.

ಈ ಕೆಪಾಸಿಟರಿನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅಡಾಪ್ಟರುಗಳು ಸಾಯುವುದು ಬಹುಪಾಲು ಇದರಿಂದಲೇ. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಕರೆಂಟನ್ನು ಈಗಿನ ಅಡಾಪ್ಟರು ಮೊದಲು ಡಿಸಿ ಮಾಡುತ್ತದೆ. ಆಗ ಅದು ಸುಮಾರು 325 ವೋಲ್ಟ್ ಆಗಿರುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಬೆರಳ ತುದಿಯಷ್ಟಿರುವ ಟ್ರಾನ್ಸ್‌ಫಾರ್ಮರ್ ಮೂಲಕ ಇಳಿಸಿ, ಮತ್ತೆ ಡಿಸಿ ಮಾಡಿ ಹೊರಗೆ ಬಿಡುತ್ತದೆ. ಇದಕ್ಕೆ ಎಸ್‌ಎಂಪಿಎಸ್ ಎನ್ನುತ್ತೇವೆ. ಅಪ್ಪನ ಕಾಲದ ಅಡಾಪ್ಟರಿನಲ್ಲಿ ಕಬ್ಬಿಣದ ತಗಡುಗಳ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು, ಎತ್ತಿದರೆ ಕೈ ಜಗ್ಗುತ್ತಿತ್ತು. ಈಗಿನದು ಹಗುರ. ಕತ್ತರಿಸಿದ ಕರೆಂಟಿನ ಏರಿಳಿತವನ್ನು ನೇರ ಮಾಡಿ ಕೊಡುವ ಕೆಲಸ ಕೊನೆಯಲ್ಲಿ ಕೂತಿರುವ ಕೆಪಾಸಿಟರಿನದು. ಅದರೊಳಗೆ ದ್ರವವಿರುತ್ತದೆ. ಬಿಸಿಗೆ ಅದು ವರ್ಷಗಟ್ಟಲೆ ಇಷ್ಟಿಷ್ಟೇ ಆರುತ್ತದೆ.

ಸಾಮಾನ್ಯ ಕೆಪಾಸಿಟರಿನ ಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಅಷ್ಟು ಬಿಸಿಯಲ್ಲಿ ಅದರ ಆಯುಸ್ಸು 2,000 ಗಂಟೆ ಎಂದಿಟ್ಟುಕೊಳ್ಳಿ. ಬಿಸಿ ಹತ್ತು ಡಿಗ್ರಿ ಇಳಿದಂತೆಲ್ಲ ಆಯುಸ್ಸು ಎರಡರಷ್ಟಾಗುತ್ತದೆ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರೂ ಬಳಸುವ ಅಂದಾಜು. ಅಡಾಪ್ಟರಿನ ಹೊಟ್ಟೆಯೊಳಗೆ 65 ಡಿಗ್ರಿ ಇದ್ದರೆ 32,000 ಗಂಟೆ ಬರುತ್ತದೆ. ರೌಟರನ್ನು ಯಾರೂ ಆರಿಸುವುದಿಲ್ಲ. ವರ್ಷಕ್ಕೆ 8,760 ಗಂಟೆ ಅದು ಉರಿಯುತ್ತಲೇ ಇರುತ್ತದೆ. ಭಾಗಿಸಿ ನೋಡಿ, ಮೂರೂವರೆ ವರ್ಷ ಚಿಲ್ಲರೆ. ಒಳಗಿನ ಬಿಸಿ 55 ಡಿಗ್ರಿಗೆ ಇಳಿದರೆ ಅದೇ ಅಡಾಪ್ಟರು ಏಳು ವರ್ಷ ದಾಟುತ್ತದೆ. ಟೀವಿ ಹಿಂದಿನ ಗೂಡಿನಲ್ಲಿ, ಷೋಕೇಸಿನ ಗಾಜಿನೊಳಗೆ, ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ನಾಲ್ಕು ಅಡಾಪ್ಟರುಗಳನ್ನು ಒತ್ತೊತ್ತಾಗಿ ಸಿಕ್ಕಿಸಿ ಅದರ ಮೇಲೆ ಕ್ರೋಶಾ ಬಟ್ಟೆ ಹೊದಿಸಿಡುವ ಮನೆಗಳಿಂದ ನನಗೆ ಹೆಚ್ಚು ಗಿರಾಕಿ ಬರುವುದು ಸುಮ್ಮನೆ ಅಲ್ಲ.

ಮಲ್ಟಿಮೀಟರ್ ಇಟ್ಟುಕೊಂಡಿರುವ ಹುಡುಗರೂ ಇಲ್ಲಿ ಮೋಸ ಹೋಗುತ್ತಾರೆ. ಪಿನ್ನಿಗೆ ಮೀಟರ್ ಹಿಡಿದರೆ 12.1 ವೋಲ್ಟ್ ತೋರಿಸುತ್ತದೆ, ಸರಿಯಿದೆ ಎಂದುಬಿಡುತ್ತಾರೆ. ಹೊರೆ ಇಲ್ಲದಾಗ ಸೊರಗಿದ ಅಡಾಪ್ಟರೂ ಸರಿಯಾಗೇ ತೋರಿಸುತ್ತದೆ. ಹೊರೆ ಹಾಕಿ ಅಳೆಯಬೇಕು. ನನ್ನ ಮೇಜಿನ ಮೇಲೆ 12 ವೋಲ್ಟಿನ, 5 ವ್ಯಾಟಿನ ಒಂದು ಗಾಡಿ ಪಾರ್ಕಿಂಗ್ ಬಲ್ಬಿದೆ. ಅದನ್ನು ಸೇರಿಸಿ ಅಳೆದಾಗ ಮೀಟರು ಎಂಟಕ್ಕೋ ಒಂಬತ್ತಕ್ಕೋ ಇಳಿದರೆ ಅಥವಾ ಬಲ್ಬು ಮಿಟುಕಿದರೆ ಮುಗಿಯಿತು. ಮನೆಯಲ್ಲಿ ಇದೆಲ್ಲ ಬೇಡ. ಕೇಬಲ್ ಟೀವಿಯ ಸೆಟ್ ಟಾಪ್ ಬಾಕ್ಸಿಗೂ ಎಷ್ಟೋ ಕಡೆ 12 ವೋಲ್ಟಿನ ಅಡಾಪ್ಟರೇ ಇರುತ್ತದೆ. ಅದರ ಮೇಲಿನ ಬರಹ ಓದಿ, ರೌಟರಿಗೆ ಬೇಕಾದದ್ದೇ ಇದ್ದು ಪಿನ್ನೂ ಕೂತರೆ, ಹತ್ತು ನಿಮಿಷ ಸಾಲ ತಂದು ನೋಡಿ. ರೌಟರ್ ಎದ್ದು ಕೂತರೆ ಕಾಯಿಲೆ ಯಾರದೆಂದು ಗೊತ್ತಾಯಿತು.

ಫೈಬರ್ ಇರುವ ಮನೆಯವರು ಇನ್ನೊಂದನ್ನು ನೋಡಿಕೊಳ್ಳಬೇಕು. ಡಬ್ಬಿಯಲ್ಲಿ ಎಲ್‌ಓಎಸ್ ಎಂಬ ದೀಪ ಕೆಂಪಗೆ ಮಿಟುಕುತ್ತಿದ್ದು ಉಳಿದವು ನೆಟ್ಟಗೆ ಉರಿಯುತ್ತಿದ್ದರೆ, ತೊಂದರೆ ಇರುವುದು ಹೊರಗಿನ ಫೈಬರಿನಲ್ಲಿ. ಲಾರಿಗೆ ಸಿಕ್ಕಿ ತಂತಿ ಹರಿದಿರುತ್ತದೆ, ಇಲ್ಲವೇ ಇಲಿ ಕಡಿದಿರುತ್ತದೆ. ಅದಕ್ಕೆ ಕೇಬಲ್ಲಿನವರಿಗೆ ಫೋನ್ ಮಾಡಿ, ನನ್ನ ಹತ್ತಿರ ಬರಬೇಡಿ.

ಇನ್ನು ಬದಲಿ ಹುಡುಕುವುದು. “ಇದಕ್ಕೆ ಕೂರೋ ಒಂದು ಚಾರ್ಜರ್ ಕೊಡಕ್ಕ” ಎನ್ನುತ್ತಾರೆ. ಕೂರುವುದು ಕೊನೆಯ ಮಾತು. ಮೊದಲು ಓದುವುದು. ಅದೂ ಹಳೆಯ ಅಡಾಪ್ಟರಿನ ಮೇಲಿನದಲ್ಲ, ರೌಟರಿನ ಬೆನ್ನ ಮೇಲಿನದು. ಯಾಕೆಂದರೆ ಹಳೆಯ ಅಡಾಪ್ಟರೇ ಯಾರೋ ಬದಲಾಯಿಸಿಟ್ಟದ್ದು ಇರಬಹುದು. ಯುಗಾದಿಗೋ ಗೌರಿ ಹಬ್ಬಕ್ಕೋ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಎಲ್ಲ ವೈರು ಕಿತ್ತು ಮಂಕರಿಗೆ ತುಂಬುತ್ತಾರೆ. ಹಬ್ಬ ಮುಗಿದ ಮೇಲೆ ಯಾವ ಡಬ್ಬಿಗೆ ಯಾವ ಅಡಾಪ್ಟರು ಎಂಬುದು ಯಾರಿಗೂ ನೆನಪಿರುವುದಿಲ್ಲ. ಕೇಬಲ್ಲಿನವರು ಕೊಟ್ಟ ಫೈಬರ್ ಡಬ್ಬಿ ಒಂದು, ತಾವೇ ಕೊಂಡ ರೌಟರ್ ಇನ್ನೊಂದು ಎಂದು ಎರಡಿರುವ ಮನೆಗಳಲ್ಲಂತೂ ಅದಲುಬದಲು ಖಾತ್ರಿ. ಎರಡರ ಪಿನ್ನೂ ಒಂದೇ ತರ ಕೂರುತ್ತದೆ. ಟಿಪಿ ಲಿಂಕಿನ 740, 841 ಎಂಬ ಹಳೆಯ, ಒಂದೆರಡು ಕೊಂಬಿನ ಬಿಳಿ ರೌಟರುಗಳು ನಮ್ಮ ಕಡೆ ಇನ್ನೂ ಓಡುತ್ತಿವೆ. ಅವಕ್ಕೆ ಬೇಕಾದದ್ದು 9 ವೋಲ್ಟ್, 0.6 ಆಂಪಿಯರ್. ಪಕ್ಕದಲ್ಲಿರುವ ಫೈಬರ್ ಡಬ್ಬಿಗೆ ಸಾಮಾನ್ಯವಾಗಿ 12 ವೋಲ್ಟ್. ಹಬ್ಬ ಆದ ವಾರ ಬರುವ ಗಿರಾಕಿಗಳಿಗೆ ನಾನು ಕೇಳುವ ಮೊದಲ ಪ್ರಶ್ನೆಯೇ “ಪೇಂಟ್ ಮಾಡಿಸಿದ್ರಾ?”

ಬೆನ್ನ ಮೇಲಿನ ಬರಹದಲ್ಲಿ ವೋಲ್ಟು, ಆಂಪಿಯರು ಎಂದು ಎರಡು ಅಂಕಿ ಇರುತ್ತವೆ. ಈ ಎರಡರ ವ್ಯತ್ಯಾಸವನ್ನು ಮಂಡ್ಯದವರಿಗೆ ಹೇಳುವುದು ಸುಲಭ, ವಿಸಿ ನಾಲೆ ಕಂಡವರಿಗೆ ಇನ್ನೂ ಸುಲಭ. ವೋಲ್ಟೇಜ್ ಎಂದರೆ ತೂಬಿನ ಹತ್ತಿರ ನಾಲೆಯ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎನ್ನುವುದು. ಆಂಪಿಯರ್ ಎಂದರೆ ನಾಲೆ ಎಷ್ಟು ನೀರು ಕೊಡಬಲ್ಲದು ಎನ್ನುವುದು. ನೀರಿನ ಮಟ್ಟ ಗದ್ದೆಗೆ ತಕ್ಕಷ್ಟೇ ಇರಬೇಕು. ಹೆಚ್ಚಿದರೆ ಬದು ಒಡೆಯುತ್ತದೆ, ತಗ್ಗಿದರೆ ನೀರು ಗದ್ದೆಗೆ ಏರುವುದೇ ಇಲ್ಲ. ಆದರೆ ನಾಲೆ ದೊಡ್ಡದಾಗಿದ್ದ ಮಾತ್ರಕ್ಕೆ ಗದ್ದೆ ಮುಳುಗುವುದಿಲ್ಲ, ಮಡೆಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟನ್ನೇ ಅದು ಎಳೆದುಕೊಳ್ಳುತ್ತದೆ. ಹಾಗಾಗಿ ವೋಲ್ಟ್ ಅಷ್ಟಕ್ಕಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಇರಲಿ, ಹೆಚ್ಚಿದ್ದರೂ ಸರಿ, ಕಡಿಮೆಯಂತೂ ಬೇಡ. ರೌಟರಿಗೆ 12 ವೋಲ್ಟ್ 1 ಆಂಪಿಯರ್ ಎಂದು ಬರೆದಿದ್ದರೆ 12 ವೋಲ್ಟ್ 2 ಆಂಪಿಯರ್ ಧಾರಾಳವಾಗಿ ಹಾಕಬಹುದು. “ಎರಡು ಆಂಪಿಯರ್ ಆಕುದ್ರೆ ಸುಟ್ಟೋಗಲ್ವ?” ಎಂದು ಹೆದರುವವರೇ ಜಾಸ್ತಿ. ಸುಡುವುದಿಲ್ಲ. ದೊಡ್ಡ ಅಡಾಪ್ಟರು ಅರ್ಧ ಹೊರೆಯಲ್ಲಿ ತಣ್ಣಗೆ ಕೆಲಸ ಮಾಡುತ್ತದೆ. ಅರ್ಧ ಆಂಪಿಯರಿನದನ್ನು ಹಾಕಿದರೆ ಮಾತ್ರ, ಮೊದಲ ದಿನ ನಡೆದರೂ ಕಾದು ಕಾದು ಬೇಗ ಸಾಯುತ್ತದೆ.

9 ವೋಲ್ಟಿನ ರೌಟರಿಗೆ 12 ಹಾಕಿದರೂ ನಡೆಯುತ್ತದೆ ಎಂದು ಹೇಳುವವರಿದ್ದಾರೆ. ಕೆಲವದರಲ್ಲಿ ನಡೆಯುತ್ತದೆ, ನಿಜ. ರೌಟರಿನ ಚಿಪ್ಪುಗಳಿಗೆ ಬೇಕಾದದ್ದು ಇನ್ನೂ ಕಡಿಮೆ ವೋಲ್ಟೇಜು, ಮೂರು ವೋಲ್ಟಿನ ಸುತ್ತಮುತ್ತ. ಅದಕ್ಕಿಳಿಸುವ ಒಂದು ಸರ್ಕ್ಯೂಟು ಡಬ್ಬಿಯೊಳಗೇ ಇರುತ್ತದೆ, ಅದು 12 ವೋಲ್ಟನ್ನೂ ತಡೆದುಕೊಳ್ಳುವಂಥದ್ದಾಗಿದ್ದರೆ ಬಚಾವು. ಆದರೆ ಬಾಗಿಲಲ್ಲಿ ಕೂತ ಕೆಪಾಸಿಟರು 10 ವೋಲ್ಟಿನದಾಗಿದ್ದರೆ? ಡಬ್ಬಿ ಬಿಚ್ಚಿ ನೋಡದೆ ಆ ಭರವಸೆ ನಾನು ಕೊಡುವುದಿಲ್ಲ, ಇನ್ನೂರು ರೂಪಾಯಿ ಉಳಿಸಲು ಆ ಜೂಜು ಬೇಡ ಎನ್ನುತ್ತೇನೆ. 5 ವೋಲ್ಟಿನ ಸಣ್ಣ ಡಬ್ಬಿಗಳಿಗೆ 12 ಹಾಕಿದರೆ ಜೂಜೂ ಇಲ್ಲ, ವಾಸನೆ ಬರುತ್ತದೆ. ತಿರುಗಿಸಿ, 12ರ ಡಬ್ಬಿಗೆ 9 ಹಾಕಿದರೆ ಏನೂ ಸುಡುವುದಿಲ್ಲ. ದೀಪ ಹತ್ತುತ್ತದೆ, ಆಗಾಗ ಆರುತ್ತದೆ, ಮನೆಯವರು ಕೇಬಲ್ಲಿನವನನ್ನು ಬೈಯುತ್ತಾರೆ.

ಅಂಕಿಗಳ ಪಕ್ಕದಲ್ಲಿ ಒಂದು ಸಣ್ಣ ಚಿತ್ರವಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ನಡುವೆ ಒಂದು ಚುಕ್ಕೆ, ಅದನ್ನು ಅರ್ಧ ಸುತ್ತುವರಿದ ಗೆರೆ, ಆ ಕಡೆ ಈ ಕಡೆ ಕೂಡಿಸುವ ಮತ್ತು ಕಳೆಯುವ ಗುರುತು. ಚುಕ್ಕೆಗೆ ಸೇರಿದ ಕಡೆ ಕೂಡಿಸುವ ಗುರುತಿದ್ದರೆ ಪಿನ್ನಿನ ಒಳಗಿನ ತೂತು ಪಾಸಿಟಿವ್, ಹೊರಗಿನ ಕೊಳವೆ ನೆಗೆಟಿವ್ ಎಂದರ್ಥ. ಈಗಿನ ರೌಟರುಗಳಲ್ಲಿ ಹೆಚ್ಚು ಕಮ್ಮಿ ಎಲ್ಲವೂ ಹೀಗೇ. ಆದರೆ ಮನೆಯ ಅಟ್ಟದಿಂದ ಇಳಿಸಿದ ಹಳೆಯ ಕೀಬೋರ್ಡಿನ, ಗಿಟಾರ್ ಪೆಡಲಿನ ಅಡಾಪ್ಟರುಗಳಲ್ಲಿ ಉಲ್ಟಾ ಇರುವುದುಂಟು. ಅಂಥದ್ದನ್ನು ಹಾಕಿದರೆ ವೋಲ್ಟು ಸರಿಯಿದ್ದೂ ರೌಟರ್ ಹೋಗಬಹುದು. ವೋಲ್ಟಿನ ಮುಂದೆ ನೇರ ಗೆರೆಯ ಕೆಳಗೆ ತುಂಡು ಗೆರೆಯಿದ್ದರೆ ಡಿಸಿ. ಬಳುಕುವ ಗೆರೆಯಿದ್ದರೆ ಎಸಿ. ಹಳೆಯ ಟೆಲಿಫೋನ್ ಲೈನಿನ ಕಾಲದ ಮಾಡೆಮ್‌ಗಳಲ್ಲಿ ಕೆಲವಕ್ಕೆ ಹೊರಗೂ ಎಸಿ ಕೊಡುವ ಅಡಾಪ್ಟರ್ ಇರುತ್ತಿದ್ದವು. ಹತ್ತು ವರ್ಷ ಡ್ರಾಯರಿನಲ್ಲಿದ್ದ ಆ ದಪ್ಪ ಅಡಾಪ್ಟರನ್ನು ಈಗಿನ ರೌಟರಿಗೆ ಹತ್ತಿರವೂ ತರಬೇಡಿ.

ಪಿನ್ನಿನ ಮಾತಿಗೆ ಈಗ ಬರೋಣ. ರೌಟರುಗಳಲ್ಲಿ ಸಾಮಾನ್ಯವಾಗಿ ಕಾಣುವ ಪಿನ್ನಿನ ಹೊರ ಅಗಲ 5.5 ಮಿಲಿಮೀಟರ್, ಒಳ ತೂತು 2.1. ಅದರ ಅವಳಿಯಂತೆ ಕಾಣುವ ಇನ್ನೊಂದಿದೆ, ಹೊರಗೆ ಅದೇ 5.5, ಒಳಗೆ 2.5. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ರೌಟರಿನ ಒಳಗಿನ ಕಡ್ಡಿ 2.1ರದ್ದಿದ್ದು ನೀವು 2.5ರ ಪಿನ್ನು ಹಾಕಿದರೆ ಅದು ಸಲೀಸಾಗಿ ಕೂರುತ್ತದೆ, ಕೂತು ಮೋಸ ಮಾಡುತ್ತದೆ. ಮೇಜು ಅಲ್ಲಾಡಿದರೆ, ಕಸ ಗುಡಿಸುವಾಗ ಪೊರಕೆ ತಾಗಿದರೆ ಆರಿಹೋಗುತ್ತದೆ. ಜನ ಆಗ ಪಿನ್ನಿನ ಕೆಳಗೆ ರಟ್ಟಿನ ಚೂರು ಕೊಟ್ಟು, ರಬ್ಬರ್ ಬ್ಯಾಂಡ್ ಹಾಕಿ ಹೊಂದಿಸುತ್ತಾರೆ. ಅಲ್ಲಿ ಸಣ್ಣ ಕಿಡಿ ಹಾರುತ್ತಾ ಕೊನೆಗೆ ರೌಟರಿನ ಜಾಕೇ ಸುಟ್ಟಿರುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಪಿನ್ನು ಹಾಕಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಡಬ್ಬಿಯನ್ನೂ ಅಡಾಪ್ಟರನ್ನೂ ಎರಡನ್ನೂ ತನ್ನಿ ಎಂದು ನಾನು ಗೋಗರೆಯುವುದು ಇದಕ್ಕೇ. ಫೋಟೋ ವಾಟ್ಸಾಪ್ ಮಾಡಿದರೆ ವೋಲ್ಟ್ ತಿಳಿಯುತ್ತದೆ, ತೂತು ತಿಳಿಯುವುದಿಲ್ಲ.

3ರಿಂದ 12 ವೋಲ್ಟಿನವರೆಗೆ ತಿರುಗಿಸುವ ಗುಂಡಿಯಿರುವ, ತುದಿಗೆ ಎಂಟು ತರದ ಪಿನ್ನುಗಳನ್ನು ಬದಲಾಯಿಸಿ ಹಾಕುವ ಯೂನಿವರ್ಸಲ್ ಅಡಾಪ್ಟರನ್ನು ನಾನು ಅಂಗಡಿಯಲ್ಲಿ ಇಡುವುದೇ ಇಲ್ಲ. ಮನೆಯಲ್ಲಿ ಮಗುವಿದ್ದರೆ ಆ ಗುಂಡಿ ಒಂದು ದಿನ ತಿರುಗುತ್ತದೆ. ಪಿನ್ನನ್ನು ತಿರುವಿ ಹಾಕಿದರೆ ಪಾಸಿಟಿವ್ ನೆಗೆಟಿವ್ ಉಲ್ಟಾ. ಬೇಕೆನ್ನುವವರಿಗೆ ಬೇರೆ ಅಂಗಡಿಯ ದಾರಿ ತೋರಿಸುತ್ತೇನೆ.

ಅಡಾಪ್ಟರುಗಳು ಇಲ್ಲಿ ಯಾಕೆ ಇಷ್ಟೊಂದು ಕೆಡುತ್ತವೆ ಎಂದು ಕೇಳಿದರೆ, ಜನ “ವೋಲ್ಟೇಜ್ ಇಲ್ಲ ಕಣಕ್ಕ” ಎನ್ನುತ್ತಾರೆ. ಸಂಜೆ ಹೊತ್ತು ಬಲ್ಬು ಮಂಕಾಗುವುದನ್ನು ನೋಡಿ ಹೇಳುವ ಮಾತು. ಆದರೆ ಕಡಿಮೆ ವೋಲ್ಟೇಜು ಈಗಿನ ಅಡಾಪ್ಟರಿಗೆ ಅಷ್ಟೇನೂ ತೊಂದರೆ ಮಾಡುವುದಿಲ್ಲ. ಅದರ ಮೇಲೆ 100ರಿಂದ 240 ವೋಲ್ಟ್ ಎಂದೇ ಬರೆದಿರುತ್ತದೆ. ಫ್ರಿಜ್ಜು ಗೊಣಗುವ 160 ವೋಲ್ಟಿನಲ್ಲೂ ಅದು 12 ಕೊಡುತ್ತಲೇ ಇರುತ್ತದೆ. ಕೊಲ್ಲುವುದು ಹೆಚ್ಚಾದಾಗ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಾರನೆಯ ದಿನ ಬೆಸಗರಹಳ್ಳಿ, ಕೊಪ್ಪ, ಕೆ.ಎಂ. ದೊಡ್ಡಿ ಕಡೆಯಿಂದ ಬರುವ ಚೀಲಗಳನ್ನು ನೋಡಬೇಕು. ಫೈಬರ್ ಬಂದ ಮೇಲೆ ಒಂದು ಅನುಕೂಲವಾಗಿದೆ: ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಹಿಂದೆ ಟೆಲಿಫೋನಿನ ತಾಮ್ರದ ತಂತಿ ಹಿಡಿದು ಮಾಡೆಮ್ಮಿಗೆ ನುಗ್ಗುತ್ತಿದ್ದ ಸಿಡಿಲು ಈಗ ಬರಬೇಕಾದರೆ ಕರೆಂಟಿನ ದಾರಿಯಲ್ಲೇ ಬರಬೇಕು. ಮೊದಲು ಬಲಿಯಾಗುವುದು ಅಡಾಪ್ಟರು, ಎಷ್ಟೋ ಸಲ ಅದೊಂದೇ.

ಸಿಡಿಲಿಗಿಂತ ಕೆಟ್ಟದ್ದು ನ್ಯೂಟ್ರಲ್ ಕಿತ್ತುಹೋಗುವುದು. ಟಿಸಿಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದ, ಬರುವ ಮೂರು ಫೇಸುಗಳ ನಡುವೆ 400 ವೋಲ್ಟಿಗೂ ಮೇಲೆ ಇರುತ್ತದೆ. ಮನೆಗೆ 230 ಬರುವುದು ಫೇಸ್ ಮತ್ತು ನ್ಯೂಟ್ರಲ್ ನಡುವೆ. ಗಾಳಿಗೆ ತೆಂಗಿನ ಗರಿ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ, ಕಡಿಮೆ ಹೊರೆಯಿರುವ ಫೇಸಿನ ಮನೆಗಳಿಗೆ 300, 350 ವೋಲ್ಟ್ ನುಗ್ಗುತ್ತದೆ. ಆ ಸಾಲಿನ ಮನೆಗಳಿಂದ ಒಂದೇ ದಿನ ಎಲ್‌ಇಡಿ ಬಲ್ಬು, ಟೀವಿ, ಅಡಾಪ್ಟರು ಎಲ್ಲವೂ ಬರುತ್ತವೆ. ಅಂಥ ದಿನ ಬೀದಿಯ ಹೆಸರು ಕೇಳಿದರೆ ಸಾಕು, ಬಿಚ್ಚಿ ನೋಡಬೇಕಾಗಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಗಳ ಮನೆ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರೆ ಮಾಡಿದ ಮೇಲೆ ಮೋಟರಿನ ಕಾಟ ಎಷ್ಟೋ ತಗ್ಗಿದೆ. ತೋಟದ ಮನೆಗಳಲ್ಲಿ ಮಾತ್ರ ಈಗಲೂ ಮೋಟರಿನ ಲೈನೇ.

ಮಳವಳ್ಳಿ ತಾಲ್ಲೂಕಿನವರು ಕರೆಂಟಿನ ಬಗ್ಗೆ ಗೊಣಗುವಾಗ ನನಗೆ ಒಳಗೊಳಗೇ ನಗು. ಶಿವನಸಮುದ್ರ ಅವರದೇ ತಾಲ್ಲೂಕು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ, 1902ರಲ್ಲಿ ಅಲ್ಲಿನ ಬ್ಲಫ್ ವಿದ್ಯುದಾಗಾರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅಷ್ಟು ದೂರ ಕರೆಂಟು ಸಾಗಿಸಿದ್ದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡಿದ ಸಂಗತಿ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಬೆಳಕವಾಡಿ, ಕಿರುಗಾವಲು ಕಡೆಯ ಹಳ್ಳಿಗಳಿಗೆ ಕಂಬ ಬರಲು ಎಷ್ಟೋ ದಶಕ ಕಾಯಬೇಕಾಯಿತು. ದೀಪದ ಬುಡದಲ್ಲೇ ಕತ್ತಲು. ಅಷ್ಟು ದೂರ ಸಾಗಿಸಲು ಸಾಧ್ಯವಾದದ್ದು ಎಸಿ ಕರೆಂಟನ್ನು ಟ್ರಾನ್ಸ್‌ಫಾರ್ಮರಿನಿಂದ ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿ, ಗಣಿಯಲ್ಲಿ ಇಳಿಸಿಕೊಂಡದ್ದರಿಂದ. ಇವತ್ತಿಗೂ ಅದೇ ಕ್ರಮ: ಸ್ಟೇಷನ್ನಿನಲ್ಲಿ ಇಳಿಸುತ್ತಾರೆ, ಊರ ಹೊರಗಿನ ಟಿಸಿಯಲ್ಲಿ ಇನ್ನಷ್ಟು ಇಳಿಸುತ್ತಾರೆ, ಕೊನೆಯ ಇಳಿತ ನಿಮ್ಮ ಷೋಕೇಸಿನ ಹಿಂದಿರುವ ಈ ಅಂಗೈಯಗಲದ ಅಡಾಪ್ಟರಿನಲ್ಲಿ.

ಎಲ್ಲಿ ಸಿಗುತ್ತದೆ? ಡಬ್ಬಿಯನ್ನು ಇಂಟರ್‌ನೆಟ್ ಕಂಪನಿಯೋ ಕೇಬಲ್ಲಿನವರೋ ಕೊಟ್ಟಿದ್ದರೆ ಮೊದಲು ಅವರನ್ನೇ ಕೇಳಿ. ಡಬ್ಬಿ ಅವರದಾದರೆ ಅಡಾಪ್ಟರೂ ಅವರದೇ, ಕಾಸಿಲ್ಲದೆ ಬದಲಾಯಿಸಿ ಕೊಡುವವರೂ ಇದ್ದಾರೆ. ಬಿಎಸ್‌ಎನ್‌ಎಲ್ ಫೈಬರನ್ನೂ ನಮ್ಮ ಕಡೆ ಮನೆಗೆ ಎಳೆದುಕೊಡುವವರು ಹೆಚ್ಚಾಗಿ ಸ್ಥಳೀಯ ಹುಡುಗರೇ. ಅವರ ಬೈಕಿನ ಡಿಕ್ಕಿಯಲ್ಲಿ ಒಂದೆರಡು ಅಡಾಪ್ಟರ್ ಇದ್ದೇ ಇರುತ್ತವೆ. ನೀವೇ ಕೊಂಡ ರೌಟರಾದರೆ ಮಳವಳ್ಳಿಯಲ್ಲಿ ಅನಂತರಾಂ ವೃತ್ತದ ಸುತ್ತಿನ ಮೊಬೈಲ್ ಅಂಗಡಿಗಳಲ್ಲಿ 12 ವೋಲ್ಟಿನದು ಸಿಗುತ್ತದೆ, 9 ವೋಲ್ಟಿನದು ಸಿಕ್ಕರೆ ಅದೃಷ್ಟ. ಮದ್ದೂರಿನಲ್ಲಿ ನಾನಿದ್ದೇನೆ, ಜಾಹೀರಾತು ಎಂದುಕೊಳ್ಳಬೇಡಿ, ಇನ್ನೂ ಇಬ್ಬರು ಇದ್ದಾರೆ. ಮಂಡ್ಯದ ಪೇಟೆ ಬೀದಿ, ವಿವಿ ರಸ್ತೆ ಕಡೆ ಕಂಪ್ಯೂಟರ್ ಮತ್ತು ಸಿಸಿ ಕ್ಯಾಮೆರಾ ಮಾರುವ ಅಂಗಡಿಗಳಿಗೆ ಹೋಗಿ. ಸಿಸಿ ಕ್ಯಾಮೆರಾಗಳಿಗೂ 12 ವೋಲ್ಟು, 5.5ಕ್ಕೆ 2.1ರ ಪಿನ್ನೇ ಬೇಕಾದ್ದರಿಂದ ಅವರ ಹತ್ತಿರ 1 ಆಂಪಿಯರು, 2 ಆಂಪಿಯರು ಎರಡೂ ಇರುತ್ತವೆ. ರೌಟರ್ ಅಡಾಪ್ಟರ್ ಎಂದು ಕೇಳಿ ಇಲ್ಲ ಎನಿಸಿಕೊಂಡ ಅಂಗಡಿಯಲ್ಲೇ ಕ್ಯಾಮೆರಾ ಅಡಾಪ್ಟರ್ ಎಂದು ಕೇಳಿದರೆ ಸಿಗುತ್ತದೆ. ನಾನು ಸರಕು ತರುವುದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಅಲ್ಲಿಗೆ ಒಂದು ಅಡಾಪ್ಟರಿಗಾಗಿ ಹೋಗುವುದು ಬಸ್ಸಿನ ಚಾರ್ಜಿಗೆ ದಂಡ. ಒಳ್ಳೆಯದೊಂದಕ್ಕೆ ಇಲ್ಲೇ ನೂರೈವತ್ತರಿಂದ ಮುನ್ನೂರೈವತ್ತರೊಳಗೆ ಆಗುತ್ತದೆ.

ನೂರು ರೂಪಾಯಿಗೂ ಕೆಳಗಿನವು ಇವೆ. ಅಂಥ ಕೆಲವನ್ನು ಬಿಚ್ಚಿ ನೋಡಿದ್ದೇನೆ. ಮೇಲೆ 2 ಆಂಪಿಯರ್ ಎಂದು ಬರೆದಿದ್ದು ಒಳಗೆ ಅರ್ಧ ಆಂಪಿಯರಿಗೆ ಸಾಲುವಷ್ಟೇ ಸಾಮಾನು. ಫ್ಯೂಸಿನ ಜಾಗದಲ್ಲಿ ಬರಿಯ ತಂತಿ. ಗೋಡೆಯ ಕರೆಂಟಿಗೂ ನಿಮ್ಮ ಕೈ ಮುಟ್ಟುವ ಪಿನ್ನಿಗೂ ನಡುವೆ ಇರಬೇಕಾದ ಅಂತರ ಉಗುರಿನಷ್ಟೂ ಇಲ್ಲ. ಇದು ದುಡ್ಡಿನ ಮಾತಲ್ಲ, ಜೀವದ ಮಾತು. 2012ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕಡ್ಡಾಯ ನೋಂದಣಿ ಆದೇಶದ ಪಟ್ಟಿಗೆ ಅಡಾಪ್ಟರುಗಳೂ ಆಮೇಲೆ ಸೇರಿವೆ. ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಐಎಸ್ 13252 ಎಂಬ ಸಂಖ್ಯೆ, ‘ಆರ್’ ಅಕ್ಷರದ ಮುಂದೆ ಎಂಟು ಅಂಕಿ ಇರಬೇಕು. ಆ ಎಂಟಂಕಿಯನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಬರುತ್ತದೆ. ನಕಲಿಯವರು ಗುರುತನ್ನೂ ಅಚ್ಚು ಹಾಕುತ್ತಾರೆ, ಆದರೆ ಸಂಖ್ಯೆ ಹಾಕಿ ನೋಡುವ ಗಿರಾಕಿ ಇರಬಹುದು ಎಂದು ಅವರು ಎಣಿಸಿರುವುದಿಲ್ಲ.

ಕರೆಂಟು ಹೋದಾಗಲೂ ವೈಫೈ ಬೇಕು ಎನ್ನುವವರು ಕೊರೊನಾ ಕಾಲದಿಂದ ಹೆಚ್ಚಾಗಿದ್ದಾರೆ. ಬೆಂಗಳೂರು ಕಂಪನಿಯ ಕೆಲಸವನ್ನು ಸೋಮನಹಳ್ಳಿಯ ಮನೆ ಜಗುಲಿಯಲ್ಲಿ ಕೂತು ಮಾಡುವ ಹುಡುಗರು ಮಿನಿ ಯುಪಿಎಸ್ ಕೇಳುತ್ತಾರೆ. ಒಳಗೆ ಮೂರು ಲಿಥಿಯಂ ಸೆಲ್ಲಿರುವ ಪುಟ್ಟ ಪೆಟ್ಟಿಗೆ. ಅಡಾಪ್ಟರಿಗೂ ರೌಟರಿಗೂ ನಡುವೆ ಕೂರಿಸಿದರೆ ಆಯಿತು. ರೌಟರು ತಿನ್ನುವುದು ಸುಮಾರು 6 ವ್ಯಾಟ್. 22 ವ್ಯಾಟ್ ಅವರ್ ಎಂದು ಬರೆದದ್ದು ಮೂರು ಗಂಟೆ ಬರುತ್ತದೆ. ಆದರೆ ಅಡಾಪ್ಟರು ರೌಟರನ್ನೂ ನಡೆಸಬೇಕು, ಸೆಲ್ಲನ್ನೂ ತುಂಬಿಸಬೇಕು. ಹಳೆಯ ಅರ್ಧ ಆಂಪಿಯರಿನದು ಇದಕ್ಕೆ ಸಾಲದು, ಮಿನಿ ಯುಪಿಎಸ್ ಹಾಕಿದ ಮೇಲೆ ಅಡಾಪ್ಟರ್ ಸುಟ್ಟಿತು ಎಂಬ ದೂರಿನ ಮೂಲ ಇದೇ. 2 ಆಂಪಿಯರಿನದನ್ನೇ ಹಾಕಿ. ಪವರ್ ಬ್ಯಾಂಕಿನ 5 ವೋಲ್ಟನ್ನು 12ಕ್ಕೆ ಏರಿಸಿ ಕೊಡುವ ವೈರೂ ಇನ್ನೂರರೊಳಗೆ ಸಿಗುತ್ತದೆ. 5 ವೋಲ್ಟ್ 2 ಆಂಪಿಯರ್ ಎಂದರೆ 10 ವ್ಯಾಟ್. 12 ವೋಲ್ಟಿಗೆ ಬಂದಾಗ ನಷ್ಟ ಕಳೆದು ಮುಕ್ಕಾಲು ಆಂಪಿಯರೂ ಉಳಿಯುವುದಿಲ್ಲ. ಸಣ್ಣ ರೌಟರಿಗೆ ಸಾಕು, ನಾಲ್ಕು ಕೊಂಬಿನದಕ್ಕೆ ಸಾಲದು. ಇನ್ವರ್ಟರ್ ಇರುವ ಮನೆಯವರು ಇದ್ಯಾವುದನ್ನೂ ಕೊಳ್ಳಬೇಕಾಗಿಲ್ಲ. ರೌಟರಿನ ಸಾಕೆಟ್ಟನ್ನು ಇನ್ವರ್ಟರ್ ಲೈನಿಗೆ ಹಾಕಿಸಿದರೆ ಸಾಕು. ಗಾಡಿಯ ಬ್ಯಾಟರಿಗೆ ನೇರವಾಗಿ ಸಿಕ್ಕಿಸುವವರೂ ಉಂಟು. ಚಾರ್ಜ್ ಆಗುವಾಗ ಅದು 14 ವೋಲ್ಟ್ ದಾಟುತ್ತದೆ ಎಂಬುದು ನೆನಪಿರಲಿ.

ಅಡಾಪ್ಟರನ್ನು ಬಿಚ್ಚಿ ಕೆಪಾಸಿಟರ್ ಬದಲಾಯಿಸಿಕೊಡಿ ಎಂದು ಕೆಲವರು ಕೇಳುತ್ತಾರೆ. ಕೆಪಾಸಿಟರು ಹತ್ತು ರೂಪಾಯಿ. ಆದರೆ ಪೆಟ್ಟಿಗೆಯನ್ನು ಕಾಯಿಸಿ ಬೆಸೆದಿರುತ್ತಾರೆ, ಸ್ಕ್ರೂ ಇರುವುದಿಲ್ಲ, ಒಡೆದೇ ತೆಗೆಯಬೇಕು, ಮತ್ತೆ ಮುಚ್ಚಿದರೆ ಮೊದಲಿನ ಭದ್ರತೆ ಬರುವುದಿಲ್ಲ. ಬೇರೆಲ್ಲೂ ಸಿಗದ ಅಡಾಪ್ಟರಾದರೆ ಮಾತ್ರ ಕೈ ಹಾಕುತ್ತೇನೆ. ಮನೆಯಲ್ಲಿ ಯಾರೂ ಬಿಚ್ಚಬೇಡಿ: ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸಾಕೆಟ್ಟಿನಿಂದ ಕಿತ್ತ ಮೇಲೂ ಆ 325 ವೋಲ್ಟ್ ಸ್ವಲ್ಪ ಹೊತ್ತು ನಿಂತಿರುತ್ತದೆ.

ಮಾಡಬಹುದಾದ ಒಂದು ಕೆಲಸ ಪಿನ್ನಿನದು. ವೋಲ್ಟೂ ಆಂಪಿಯರೂ ಸರಿಯಿರುವ ಹೊಸ ಅಡಾಪ್ಟರು ಸಿಕ್ಕಿ ಪಿನ್ನು ಮಾತ್ರ ಹೊಂದದಿದ್ದರೆ, ಹಳೆಯದರ ಪಿನ್ನನ್ನು ಒಂದು ಗೇಣು ವೈರಿನ ಸಮೇತ ಕತ್ತರಿಸಿ ಹೊಸದಕ್ಕೆ ಬೆಸೆದುಕೊಡುತ್ತೇನೆ. ವೈರಿನ ಒಂದು ಎಳೆಯ ಮೇಲೆ ಬಿಳಿ ಗೆರೆ ಇರುತ್ತದೆ. ಸಾಮಾನ್ಯವಾಗಿ ಅದು ಪಾಸಿಟಿವ್. ಸಾಮಾನ್ಯವಾಗಿ ಎಂದೆ. ಉಲ್ಟಾ ಇರುವುದನ್ನೂ ನೋಡಿದ್ದೇನೆ, ಅದಕ್ಕೇ ಬೆಸೆಯುವ ಮುಂಚೆ ಒಮ್ಮೆ, ಬೆಸೆದು ಸ್ಲೀವ್ ಹಾಕಿದ ಮೇಲೆ ಇನ್ನೊಮ್ಮೆ ಮೀಟರ್ ಹಿಡಿಯುತ್ತೇನೆ. ಬರಿ ತಿರುಚಿ ಟೇಪ್ ಸುತ್ತಿದ ಗಂಟು ಬೇಸಿಗೆಯಲ್ಲಿ ಅಂಟು ಬಿಟ್ಟು ಜಾರುತ್ತದೆ. ಹೊಸದು ಕೊಂಡ ದಿನವೇ ಅದರ ಮೇಲೆ ‘ರೌಟರ್’ ಎಂದು ಮಾರ್ಕರಿನಲ್ಲಿ ಬರೆದುಕೊಡುತ್ತೇನೆ, ಮುಂದಿನ ಯುಗಾದಿಯ ಸುಣ್ಣಬಣ್ಣಕ್ಕೆ ಅನುಕೂಲವಾಗಲಿ ಎಂದು.

ಸತ್ತ ಅಡಾಪ್ಟರನ್ನು ಕಸದ ಗಾಡಿಗೆ ಹಾಕಬೇಡಿ, ಒಲೆಗೂ ಬೇಡ, ನನಗೇ ಕೊಡಿ. ಪಿನ್ನು ಮತ್ತು ವೈರನ್ನು ನಾನಿಟ್ಟುಕೊಂಡು ಉಳಿದದ್ದನ್ನು ಮೂಟೆ ಕಟ್ಟಿ, ಬೆಂಗಳೂರಿಗೆ ಸರಕಿಗೆ ಹೋದಾಗ ಇ-ತ್ಯಾಜ್ಯ ಕೊಳ್ಳುವವರಿಗೆ ಹಾಕುತ್ತೇನೆ. ಕಾಸು ಹುಟ್ಟುವುದು ಅಷ್ಟರಲ್ಲೇ ಇದೆ, ದಾರಿಯ ಕಾಫಿಗೆ ಸಾಕು.